ಕಪ್‌ನಿಂದ ಗ್ರಾಂಗೆ: ನಿಮ್ಮ ಕಪ್ಪಿಗೆ ನಿಮ್ಮದೇ ಪಟ್ಟಿ

ಒಂದು ಕಪ್ ಎಂದರೆ ಎಷ್ಟು ಗ್ರಾಂ? ಯಾವುದರ ಕಪ್ ಎಂದು ಹೇಳದೆ ಇದಕ್ಕೆ ಉತ್ತರವೇ ಇಲ್ಲ. 240 ಮಿಲಿ ಹಿಡಿಯುವ ಕಪ್ಪಿನಲ್ಲಿ ನೀರು ಹೆಚ್ಚುಕಡಿಮೆ 240 ಗ್ರಾಂ ತೂಗುತ್ತದೆ. ಅದೇ ಕಪ್ಪಿನಲ್ಲಿ ಮೈದಾ ಸುಮಾರು 120 ಗ್ರಾಂ, ಸಕ್ಕರೆ 200, ಎಣ್ಣೆ 220, ಜೇನುತುಪ್ಪ 340.

ಕಪ್ಪಾದರೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಪಾಕವಿಧಾನಗಳಲ್ಲಿ ಅದು ಸುಮಾರು 237 ಮಿಲಿ, ಆಸ್ಟ್ರೇಲಿಯಾದಲ್ಲಿ 250, ಜಪಾನಿನಲ್ಲಿ 200. ದೊಡ್ಡ ಚಮಚ ಬಹುತೇಕ ಕಡೆ 15 ಮಿಲಿ, ಆಸ್ಟ್ರೇಲಿಯಾದಲ್ಲಿ ಮಾತ್ರ 20. ಔನ್ಸ್ ಕಂಡಾಗ ಇನ್ನೂ ಎಚ್ಚರ ಬೇಕು: ತೂಕದ ಔನ್ಸ್ 28.35 ಗ್ರಾಂ, ಅಮೆರಿಕದ ದ್ರವದ ಔನ್ಸ್ 29.57 ಮಿಲಿ. 8 ಔನ್ಸ್ ಮೈದಾ ಎಂದರೆ 227 ಗ್ರಾಂ. 8 ದ್ರವದ ಔನ್ಸ್ ಒಂದು ಕಪ್ ಆಗುತ್ತದೆಂದು ಇದನ್ನೂ ಒಂದು ಕಪ್ ಎಂದುಕೊಂಡರೆ ಹಿಟ್ಟು ಅರ್ಧದಷ್ಟೇ ಬೀಳುತ್ತದೆ.

ಹಾಗಾಗಿ ಸಿದ್ಧ ಪಟ್ಟಿಗಿಂತ ನಿಮ್ಮ ಕಪ್ಪಿಗೇ ಒಂದು ಪಟ್ಟಿ ಮಾಡಿಕೊಳ್ಳುವುದು ವಾಸಿ. ಒಣಗಿದ ಕಪ್ಪನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಬಂದ ಗ್ರಾಂ ಲೆಕ್ಕವೇ ಕಪ್ಪಿನ ಮಿಲಿ ಲೆಕ್ಕ. ಆಮೇಲೆ ಕಪ್ಪನ್ನು ಚೆನ್ನಾಗಿ ಒರೆಸಿ, ನೀವು ಎಂದಿನಂತೆ ಅಳೆಯುವ ರೀತಿಯಲ್ಲೇ ಹಿಟ್ಟು ತುಂಬಿ ತೂಗಿ. ಮೂರು ಸಲ ತೂಗಿ ಸರಾಸರಿ ತೆಗೆಯಿರಿ. ಕಪ್ 180 ಮಿಲಿ ಹಿಡಿದು, ಹಿಟ್ಟು 95 ಗ್ರಾಂ ತೂಗಿತು ಎನ್ನಿ. ಪಾಕವಿಧಾನ 350 ಗ್ರಾಂ ಕೇಳಿದರೆ 350 ಭಾಗಿಸು 95, ಅಂದರೆ 3.7 ಕಪ್. ಬೇರೆ ಪಾತ್ರೆಗೂ ಇದೇ ಲೆಕ್ಕ ಬೇಕಿದ್ದರೆ 95 ಅನ್ನು 180ರಿಂದ ಭಾಗಿಸಿ: ಮಿಲಿಗೆ 0.53 ಗ್ರಾಂ. ಈ ಅಂಕಿಯನ್ನು ಡಬ್ಬದ ಮೇಲೆಯೇ ಬರೆದಿಡಿ.

ಮೂರು ಸಲ ತೂಗಬೇಕಾದದ್ದು ಹಿಟ್ಟಿನ ಗುಣದಿಂದ. ಹಿಟ್ಟಿನ ಕಣಗಳ ನಡುವೆ ಗಾಳಿ ಇರುತ್ತದೆ. ಚಮಚದಿಂದ ಹಗುರವಾಗಿ ಸುರಿದು ಮೇಲೆ ಸವರಿದರೆ 240 ಮಿಲಿ ಕಪ್ಪಿಗೆ 120 ಗ್ರಾಂ. ಕಪ್ಪನ್ನೇ ಡಬ್ಬಕ್ಕೆ ಒತ್ತಿ ತೆಗೆದರೆ 140–150. ನಾಲ್ಕು ಕಪ್ಪಿನ ಕೇಕಿನಲ್ಲಿ ಇದು 100 ಗ್ರಾಂ ಹೆಚ್ಚಾಗಬಹುದು. ಕೇಕು ಒಣಗಿ ಬಿರುಕು ಬಿಡುವುದಕ್ಕೆ ಅಷ್ಟು ಸಾಕು. ಕಪ್ಪನ್ನು ಕುಟ್ಟಬೇಡಿ, ಅಲುಗಾಡಿಸಬೇಡಿ. ‘ಜರಡಿ ಹಿಡಿದ ಹಿಟ್ಟು ಒಂದು ಕಪ್’ ಎಂದಿದ್ದರೆ ಮೊದಲು ಜರಡಿ, ಆಮೇಲೆ ಅಳತೆ. ‘ಒಂದು ಕಪ್ ಹಿಟ್ಟು, ಜರಡಿ ಹಿಡಿದು’ ಎಂದಿದ್ದರೆ ತಿರುವುಮುರುವು. ಗ್ರಾಂ ಕೊಟ್ಟಿದ್ದರೆ ಈ ಗೊಂದಲವೇ ಇಲ್ಲ. ಹರಳು ಸಕ್ಕರೆಯಲ್ಲಿ ಇಷ್ಟು ಏರಿಳಿತ ಕಾಣದು. ಬೆಲ್ಲದ ಪುಡಿಯಲ್ಲಿ ಮಾತ್ರ ಒತ್ತಿ ತುಂಬಿದ್ದೋ ಸಡಿಲವೋ ಎಂಬುದನ್ನು ಪಟ್ಟಿಯಲ್ಲೇ ಬರೆದುಕೊಳ್ಳಿ.

ದ್ರವಗಳದ್ದು ಸುಲಭ. ಹಾಲು ಮಿಲಿಗೆ 1.03 ಗ್ರಾಂ, ಎಣ್ಣೆ 0.92. ಗೆರೆಯಿರುವ ಪಾತ್ರೆಯನ್ನು ಸಮತಟ್ಟಾದ ಜಾಗದಲ್ಲಿಟ್ಟು ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿ. ಜೇನುತುಪ್ಪ ಅಳತೆಯ ಕಪ್ಪಿಗೇ ಅಂಟಿ ಉಳಿಯುತ್ತದೆ, ಆದ್ದರಿಂದ ಕಲಸುವ ಪಾತ್ರೆಯನ್ನೇ ತಕ್ಕಡಿಯ ಮೇಲಿಟ್ಟು ನೇರವಾಗಿ ಸುರಿಯಿರಿ.

ಉಪ್ಪಿನಲ್ಲಿ ತಪ್ಪಿದರೆ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. 5 ಮಿಲಿ ಚಮಚಕ್ಕೆ ನುಣ್ಣನೆಯ ಪುಡಿ ಉಪ್ಪು ಸುಮಾರು 6 ಗ್ರಾಂ. ಪದರು ಪದರಾದ ಉಪ್ಪು ಅದರ ಅರ್ಧದಷ್ಟೇ ತೂಗುವುದೂ ಉಂಟು. ಉಪ್ಪು ಬದಲಾದಾಗ ಚಮಚದ ಲೆಕ್ಕ ಬಿಟ್ಟು ತೂಕಕ್ಕೆ ಹೋಗಿ. ಆದರೆ 1 ಗ್ರಾಂ ಅಂತರದಲ್ಲಿ ತೋರಿಸುವ ತಕ್ಕಡಿಯಲ್ಲಿ 2–3 ಗ್ರಾಂ ಸೋಡಾ, ಯೀಸ್ಟ್ ತೂಗುವುದು ನಂಬುವಂಥದ್ದಲ್ಲ. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಕೆಲವು ತಕ್ಕಡಿಗಳು ಅದನ್ನು ಗಮನಿಸುವುದೇ ಇಲ್ಲ. ಅಷ್ಟು ಸಣ್ಣ ಪ್ರಮಾಣಕ್ಕೆ 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಅದಿಲ್ಲದಿದ್ದರೆ ಅಳತೆಯ ಚಮಚವನ್ನು ತುಂಬಿ, ಚಾಕುವಿನ ಬೆನ್ನಿನಿಂದ ಮೇಲೆ ಸವರಿ ಬಳಸಿ.