ವಿದ್ಯುತ್ ಕಾರಿನೊಳಗಿನ ಗುಂಯ್‌ ಸದ್ದು ಮತ್ತು ಕಿವಿಯ ಒತ್ತಡ: ಈವರೆಗಿನ ಕೆಲಸ

ವಿದ್ಯುತ್ ಕಾರಿನಲ್ಲಿ ಎಂಜಿನ್ ಸದ್ದಿಲ್ಲ ಎಂಬುದು ನಿಜ. ಆದರೆ ಎಂಜಿನ್ ಇಷ್ಟು ವರ್ಷ ತನ್ನ ಅಡಿಯಲ್ಲಿ ಮುಚ್ಚಿಟ್ಟಿದ್ದ ಸದ್ದುಗಳೆಲ್ಲ ಅದು ಹೋದ ಕೂಡಲೇ ಮುಂದೆ ಬಂದು ನಿಲ್ಲುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಹೊಮ್ಮಿಸುವ ಮುಖ್ಯ ನಾದ ಸೆಕೆಂಡಿಗೆ 100 ಕಂಪನದ, ಅಂದರೆ 100 ಹರ್ಟ್ಸ್‌ನಷ್ಟಿರುತ್ತದೆ; ಟೈರಿನ ಮೊರೆತ, ತಗಡಿನ ಅದುರು, ಗಾಳಿಯ ಸೀಳು ಇವೆಲ್ಲ ಅದರ ಜೊತೆ ಬೆರೆತು ಬೇರೆಯಾಗಿ ಕೇಳಿಸುತ್ತಿರಲಿಲ್ಲ. ನಮ್ಮದು ಐದು ಆಸನಗಳ, ಡಿಕ್ಕಿ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಎಸ್‌ಯುವಿ. ಗಂಟೆಗೆ 60 ಕಿ.ಮೀ. ದಾಟಿದ ಮೇಲೆ, ಅದರಲ್ಲೂ ಒರಟು ಡಾಂಬರಿನ ಮೇಲೆ, ಹಿಂದಿನ ಸೀಟಿನಲ್ಲಿ ಕೂತವರಿಗೆ ಕಿವಿ ಗವ್ವೆನ್ನುತ್ತದೆ. ಊರಿಗೆ ಹೋಗಿ ಇಳಿದ ಮೇಲೂ ಅಮ್ಮನಿಗೆ ತಲೆ ಭಾರವಾಗಿಯೇ ಇರುತ್ತಿತ್ತು. ಅವರು ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ಮಂಗಳೂರಿನವರೆಗೆ ಕೂರುವಂತಾಗಬೇಕು ಎಂಬುದೇ ಈ ಕೆಲಸದ ಗುರಿ.

ಜನವರಿ: ಇದು ಯಾವ ಒತ್ತಡ?

ಕಿವಿ ಕಟ್ಟುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು, ಅವುಗಳ ಮದ್ದೂ ಬೇರೆ. ಮೊದಲನೆಯದು ಗಾಳಿಯ ಒತ್ತಡವೇ ನಿಧಾನವಾಗಿ ಬದಲಾಗುವುದು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಶಿರಾಡಿ ಘಾಟಿ ಇಳಿಯುವಾಗ ಪ್ರತಿ ಮೀಟರಿಗೆ ಸುಮಾರು 11 ಪಾಸ್ಕಲ್‌ನಂತೆ ಹೊರಗಿನ ಒತ್ತಡ ಏರುತ್ತಾ ಹೋಗುತ್ತದೆ. ಆಗ ಎಂಜಲು ನುಂಗಿದರೆ ಅಥವಾ ಆಕಳಿಸಿದರೆ ಮಧ್ಯಕಿವಿಯನ್ನು ಗಂಟಲಿಗೆ ಜೋಡಿಸುವ ನಾಳ ತೆರೆದು ಕಿವಿ ಬಿಡುತ್ತದೆ. ಎರಡನೆಯದು ಸದ್ದೇ. ಅದು 20ರಿಂದ 50 ಹರ್ಟ್ಸ್ ನಡುವಿನ, ಕೇಳಿಸುವುದಕ್ಕಿಂತ ಹೆಚ್ಚಾಗಿ ಒತ್ತಿದಂತೆ ಅನಿಸುವ ಸದ್ದು. ಇದಕ್ಕೆ ಎಷ್ಟು ಸಲ ನುಂಗಿದರೂ ಪ್ರಯೋಜನವಿಲ್ಲ, ಏಕೆಂದರೆ ಕಿವಿಯ ತಮಟೆ ಸೆಕೆಂಡಿಗೆ ಹತ್ತಾರು ಸಲ ಒಳಕ್ಕೂ ಹೊರಕ್ಕೂ ತಳ್ಳಲ್ಪಡುತ್ತಲೇ ಇರುತ್ತದೆ.

ಎರಡರ ಪ್ರಮಾಣವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. 100 ಡೆಸಿಬೆಲ್‌ನ ಸದ್ದು ಎಂದರೆ ಒತ್ತಡದಲ್ಲಿ ಕೇವಲ 2 ಪಾಸ್ಕಲ್ ಏರಿಳಿತ. ಎತ್ತರದ ಲೆಕ್ಕದಲ್ಲಿ ಅದು ಒಂದು ಗೇಣೂ ಇಳಿದಂತಲ್ಲ. ಘಾಟಿಯಲ್ಲಿ ಸಾವಿರಾರು ಪಾಸ್ಕಲ್‌ಗಳನ್ನು ಸಹಿಸುವ ಕಿವಿ, ಎಡೆಬಿಡದ ಆ 2 ಪಾಸ್ಕಲ್‌ಗೆ ಸೋಲುತ್ತದೆ. ನಮ್ಮ ಕಾರಿನಲ್ಲಿರುವುದು ಎರಡನೆಯ ಬಗೆಯೇ ಎಂಬುದು ಸುಲಭವಾಗಿ ಖಚಿತವಾಯಿತು. ಫೋನಿನ ಒತ್ತಡಮಾಪಕ ಸಪಾಟು ರಸ್ತೆಯಲ್ಲಿ ಏನನ್ನೂ ತೋರಿಸಲಿಲ್ಲ, ನುಂಗಿದರೆ ಕಿವಿ ಬಿಡಲಿಲ್ಲ, ಆದರೆ ಮುಂದಿನ ಒಂದು ಕಿಟಕಿಯನ್ನೂ ಹಿಂದಿನ ಎದುರು ಬದಿಯ ಕಿಟಕಿಯನ್ನೂ ಎರಡು ಬೆರಳಷ್ಟು ಇಳಿಸಿದಾಗ ಗಾಳಿಯ ಸದ್ದು ಹೆಚ್ಚಿದರೂ ಆ ಒತ್ತು ಹೋಗಿಬಿಟ್ಟಿತು. ಹಿಂದಿನ ಒಂದೇ ಕಿಟಕಿ ತೆರೆದರೆ ಮಾತ್ರ ಪರಿಸ್ಥಿತಿ ಇನ್ನೂ ಕೆಡುತ್ತದೆ. ಆಗ ಇಡೀ ಕಾರೇ ಬಾಯಿ ತೆರೆದ ಕೊಠಡಿಯಾಗಿ 20 ಹರ್ಟ್ಸ್ ಆಸುಪಾಸಿನಲ್ಲಿ ಧಡಧಡ ಬಡಿಯತೊಡಗುತ್ತದೆ. ಅದು ಬೇರೆಯೇ ವಿದ್ಯಮಾನ.

ಫೆಬ್ರವರಿ: ಅಳತೆ

ಬಹಳ ಜನ ಫೋನಿನ ಡೆಸಿಬೆಲ್ ಆ್ಯಪ್ ನೋಡಿ 68 ಇತ್ತು, 65 ಆಯಿತು ಎನ್ನುತ್ತಾರೆ. ಈ ಕೆಲಸಕ್ಕೆ ಆ ಒಂದು ಅಂಕಿ ಸಾಲದು ಎಂದು ನಾನು ಒತ್ತಿ ಹೇಳಬೇಕು. ಸಾಮಾನ್ಯ ಮಾಪಕಗಳು ಬಳಸುವ 'ಎ' ತೂಕವು ಕಿವಿಯ ಸೂಕ್ಷ್ಮತೆಯನ್ನು ಅನುಸರಿಸಿ ಕೆಳದನಿಗಳನ್ನು, ಅಂದರೆ ಕಡಿಮೆ ಹರ್ಟ್ಸ್ ಸದ್ದುಗಳನ್ನು, ತಗ್ಗಿಸಿ ತೋರಿಸುತ್ತದೆ. 100 ಹರ್ಟ್ಸ್‌ನಲ್ಲಿ ಕಳೆಯುವುದು 19 ಡೆಸಿಬೆಲ್ ಆದರೆ 40 ಹರ್ಟ್ಸ್‌ನಲ್ಲಿ ಸುಮಾರು 35. ಅಂದರೆ ನಮ್ಮನ್ನು ಕಾಡುವ ಸದ್ದನ್ನೇ ಮಾಪಕ ಲೆಕ್ಕದಿಂದ ಬಿಟ್ಟುಬಿಡುತ್ತದೆ. ಫೋನಿನ ಮೈಕ್ ಮಾತಿಗಾಗಿ ಮಾಡಿದ್ದಾದ್ದರಿಂದ ಕೆಳದನಿಗೆ ಅದೂ ಅಷ್ಟಕ್ಕಷ್ಟೇ. ಆದ್ದರಿಂದ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಅಳತೆ ಮೈಕ್ ಜೋಡಿಸಿ, ಹಿಂದಿನ ಸೀಟಿನ ತಲೆದಿಂಬಿಗೆ ಕಿವಿಯ ಎತ್ತರದಲ್ಲಿ ಕಟ್ಟಿ, ಯಾವ ಕಂಪನಾಂಕದಲ್ಲಿ (ಎಷ್ಟು ಹರ್ಟ್ಸ್‌ನಲ್ಲಿ) ಎಷ್ಟು ಸದ್ದಿದೆ ಎಂದು ತೋರಿಸುವ, 'ಎ' ತೂಕವಿಲ್ಲದ ನಕ್ಷೆಯನ್ನೇ ದಾಖಲಿಸಿದೆ. ಗೆಳೆಯ ಕಾರು ಓಡಿಸಿದ, ನಾನು ಹಿಂದೆ ಕೂತೆ.

ರಸ್ತೆ ಪ್ರತಿ ಸಲವೂ ಅದೇ ಇರಬೇಕು: ನೆಲಮಂಗಲದಿಂದ ಕುಣಿಗಲ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಒಂದೇ ತುಂಡು, ಬೆಳಗಿನ ಜಾವ, ಎಸಿ ಬಂದ್, ಟೈರು ತಣ್ಣಗಿದ್ದಾಗ ನೋಡಿದ ಗಾಳಿ, 60 ಮತ್ತು 80 ಕಿ.ಮೀ. ವೇಗ. ಮೈಕನ್ನು ಪ್ರಯೋಗಾಲಯದಲ್ಲಿ ಪ್ರಮಾಣೀಕರಿಸಿದ್ದಲ್ಲವಾದ್ದರಿಂದ ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ನಕ್ಷೆಯಲ್ಲಿ ಎರಡು ಗುಡ್ಡಗಳು ಎದ್ದು ಕಂಡವು. 200 ಹರ್ಟ್ಸ್ ಸುತ್ತಲಿನದು ಟೈರಿನೊಳಗಿನ ಗಾಳಿಯ ಉಂಗುರದ ಅನುರಣನ, ಅಂದರೆ ತನ್ನ ಸಹಜ ಕಂಪನದಲ್ಲಿ ಅದು ಜೋರಾಗಿ ಅದುರುವುದು. ಪೀಣ್ಯ ಮೇಲ್ಸೇತುವೆಯ ಜೋಡಣೆಗಳನ್ನು ದಾಟುವಾಗ ಕೇಳುವ 'ಟೊಂಯ್' ಎಂಬ ಖಾಲಿ ನಾದ ಅದೇ. ಇನ್ನೊಂದು 38 ಹರ್ಟ್ಸ್‌ನಲ್ಲಿ, ಚೂಪಾಗಿ. ಇದು ಚಕ್ರದ ಸಮತೋಲನದ ದೋಷವೇ ಎಂಬ ಸಂದೇಹ ಸಹಜ. ನಮ್ಮ ಚಕ್ರದ ಸುತ್ತಳತೆ 2.17 ಮೀಟರ್, 80ರ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 10 ಸುತ್ತು, 60ರಲ್ಲಿ 8ಕ್ಕಿಂತ ಕಡಿಮೆ ಸುತ್ತು ತಿರುಗುತ್ತದೆ. ಚಕ್ರವೇ ಕಾರಣವಾಗಿದ್ದರೆ ವೇಗ ಇಳಿದಂತೆ ಗುಡ್ಡವೂ ಎಡಕ್ಕೆ ಸರಿಯಬೇಕಿತ್ತು. ಅದು ಕುಗ್ಗಿತೇ ಹೊರತು ಜಾಗ ಬಿಡಲಿಲ್ಲ. ಅಲ್ಲಿಗೆ, ಕಾರಿನ ದೇಹದಲ್ಲೇ ಏನೋ ಒಂದು ತನ್ನ ಸಹಜ ಕಂಪನದಲ್ಲಿ ಅದುರುತ್ತಿದೆ, ರಸ್ತೆ ಅದನ್ನು ಕೆಣಕುತ್ತಿದೆ ಅಷ್ಟೇ ಎಂದಾಯಿತು.

ಮಾರ್ಚ್: ಬಾಗಿಲು ಮತ್ತು ಚಕ್ರದ ಗೂಡು

ಅಂಗಡಿಗಳಲ್ಲಿ ಡ್ಯಾಂಪಿಂಗ್ ಎಂದು ಮಾರುವುದು ಅಲ್ಯೂಮಿನಿಯಂ ಹಾಳೆ ಅಂಟಿಸಿದ ಬ್ಯೂಟೈಲ್ ರಬ್ಬರಿನ ಶೀಟ್. ತಗಡು ಬಾಗಿದಾಗ ನಡುವಿನ ರಬ್ಬರ್ ಜಗ್ಗಲ್ಪಟ್ಟು ಕಂಪನದ ಶಕ್ತಿ ಶಾಖವಾಗಿ ಕರಗುತ್ತದೆ. ಪೂರ್ತಿ ಮುಚ್ಚುವ ಅಗತ್ಯವೇ ಇಲ್ಲ. ಪ್ರತಿ ತಗಡಿನ ನಡುಭಾಗದಲ್ಲಿ ಮೂರನೇ ಒಂದು ಪಾಲು ಅಂಟಿಸಿ ರೋಲರಿನಿಂದ ಒತ್ತಿದರೆ ಲಾಭದ ಬಹುಪಾಲು ಸಿಗುತ್ತದೆ. ನಾಲ್ಕು ಬಾಗಿಲು ಮತ್ತು ಹಿಂದಿನ ಚಕ್ರದ ಗೂಡುಗಳಿಗೆ ಇದನ್ನು ಹಾಕಿದೆ. ಬಾಗಿಲು ಮುಚ್ಚುವ ಸದ್ದು ಗಟ್ಟಿಯಾಯಿತು, ಕಲ್ಲು ಸಿಡಿಯುವ ಸದ್ದು ಮಂಕಾಯಿತು, ಸ್ಪೀಕರ್ ಚೆನ್ನಾಯಿತು. 38ರ ಗುಡ್ಡ ಮಾತ್ರ ಇದ್ದಲ್ಲೇ ಇತ್ತು, ನಾನು ನಿರೀಕ್ಷಿಸಿದ್ದೂ ಅದನ್ನೇ. ಸದ್ದನ್ನು ತಡೆಯುವ ಗೋಡೆಯ ಬಲ ಅದರ ತೂಕವನ್ನೂ ಕಂಪನಾಂಕವನ್ನೂ ಅವಲಂಬಿಸಿದೆ. ತೂಕ ಇಮ್ಮಡಿಯಾದರೆ 6 ಡೆಸಿಬೆಲ್ ಲಾಭ, ಕಂಪನಾಂಕ ಅರ್ಧಕ್ಕಿಳಿದರೆ ಅಷ್ಟೇ ನಷ್ಟ. ಸದ್ದು ಹೀರುವ ಫೋಮ್‌ನದ್ದೂ ಅದೇ ಕಥೆ. 40 ಹರ್ಟ್ಸ್‌ನ ಅಲೆಯ ಉದ್ದ ಎಂಟೂವರೆ ಮೀಟರ್. ಎರಡು ಸೆಂಟಿಮೀಟರ್ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಒಂದು ಎಚ್ಚರಿಕೆ. ವಿದ್ಯುತ್ ಕಾರಿನ ನೆಲದಡಿ ಬ್ಯಾಟರಿ ಇರುತ್ತದೆ, ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ. ನೆಲಕ್ಕೆ ರಂಧ್ರ ಕೊರೆಯುವುದು, ಸ್ಕ್ರೂ ಹಾಕುವುದು, ಆ ಕೇಬಲ್‌ಗಳನ್ನು ಸರಿಸುವುದು ಬೇಡವೇ ಬೇಡ.

ಏಪ್ರಿಲ್: ಡಿಕ್ಕಿ ಬಾಗಿಲು

ಕಾರಿನ ಒಳ ಉದ್ದಕ್ಕಿಂತ ಅಲೆಯ ಉದ್ದ ಹಲವು ಪಟ್ಟು ಹೆಚ್ಚಿದ್ದಾಗ ಒಳಗಿನ ಗಾಳಿಯೆಲ್ಲ ಒಟ್ಟಿಗೇ ಒತ್ತಲ್ಪಟ್ಟು ಒಟ್ಟಿಗೇ ಸಡಿಲುತ್ತದೆ. ಹಾಗೆ ಒತ್ತಲು ದೊಡ್ಡ, ಅಗಲವಾದ, ಸ್ವಲ್ಪವೇ ಅಲುಗಾಡಬಲ್ಲ ಒಂದು ಮೇಲ್ಮೈ ಬೇಕು. ಅಂಥದ್ದು ಕಾರಿನಲ್ಲಿ ಡಿಕ್ಕಿ ಬಾಗಿಲಿಗಿಂತ ಬೇರೆ ಇಲ್ಲ. ಗಾಜೂ ಸೇರಿ ಅದರ ತೂಕ ಬಹಳ. ಮೇಲೆ ಎರಡು ಹಿಂಜು, ಕೆಳಗೆ ಒಂದು ಲಾಕ್, ಸುತ್ತ ಮೆತ್ತನೆಯ ಬೀಡಿಂಗ್ ರಬ್ಬರ್. ಭಾರವೊಂದು ಸ್ಪ್ರಿಂಗಿನ ಮೇಲೆ ಕೂತ ಹಾಗೆ. ಸೆಡಾನ್‌ನಲ್ಲಿ ಹಿಂಸೀಟಿನ ಹಿಂದೆ ಗೋಡೆಯಿರುವುದರಿಂದ ಈ ಕಾಟ ಕಡಿಮೆ.

ಹಿಂದೆ ಕೂತು, ಸಾಮಾನು ಮುಚ್ಚುವ ತಟ್ಟೆ ತೆಗೆದು, ಬಾಗಿಲಿನ ಒಳಮೈಗೆ ಬೆರಳ ತುದಿ ಹಚ್ಚಿದೆ. ಕಿವಿ ಗವ್ವೆಂದಾಗಲೆಲ್ಲ ಬೆರಳಿನಡಿ ಅದೇ ಲಯದ ನಡುಕ ಸ್ಪಷ್ಟವಾಗಿತ್ತು.

ಮನೆಗೆ ಬಂದು ಕಾಗದದ ಪರೀಕ್ಷೆ ಮಾಡಿದೆ. ಬೀಡಿಂಗ್ ಮೇಲೆ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆದರೆ ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಮೇಲಂಚಿನಲ್ಲಿ ಪಟ್ಟಿ ಹರಿಯುವಷ್ಟು ಬಿಗಿಯಿತ್ತು; ಎಡ ಕೆಳಮೂಲೆಯಲ್ಲಿ ಬೆಣ್ಣೆಯೊಳಗಿಂದ ಬಂದಂತೆ ಜಾರಿ ಬಂತು. ಆ ಮೂಲೆಯಲ್ಲಿರುವ ರಬ್ಬರ್ ಸ್ಟಾಪರ್‌ಗೆ ಸೀಮೆಸುಣ್ಣ ಸವರಿ ಮುಚ್ಚಿ ತೆರೆದಾಗ ದೇಹದ ಕಡೆ ಗುರುತೇ ಬಿದ್ದಿರಲಿಲ್ಲ. ಅಂದರೆ ಸ್ಟಾಪರ್ ಮುಟ್ಟುತ್ತಲೇ ಇರಲಿಲ್ಲ. ಬಾಗಿಲಿನ ಆ ಬದಿ ಬರೀ ಬೀಡಿಂಗ್ ಮೇಲೆ ತೇಲುತ್ತಿತ್ತು.

ಸ್ಟಾಪರ್ ತಿರುಗಿಸಿದರೆ ಉದ್ದವಾಗುವಂಥದ್ದು. ಪೆನ್ಸಿಲಿನಿಂದ ಮೊದಲಿನ ಸ್ಥಾನ ಗುರುತಿಸಿ, ಅರ್ಧರ್ಧ ಸುತ್ತು ಹೊರಕ್ಕೆ ತಿರುಗಿಸುತ್ತಾ, ಎರಡೂ ಬದಿ ಸೀಮೆಸುಣ್ಣದ ಗುರುತು ಸಮನಾಗಿ ಬೀಳುವವರೆಗೆ ಹೊಂದಿಸಿದೆ. ಅತಿಯಾದರೆ ಲಾಕ್ ಪೂರ್ತಿ ಕೂರುವುದಿಲ್ಲ, ಮೋಟಾರಿನ ಬಾಗಿಲಾದರೆ ಮುಚ್ಚಿದ್ದು ತಾನೇ ತೆರೆದುಕೊಳ್ಳುತ್ತದೆ. ಆದ್ದರಿಂದ ಪ್ರತಿ ಸಲವೂ ಡ್ಯಾಶ್‌ಬೋರ್ಡಿನ ಬಾಗಿಲ ಸೂಚನೆ ನೋಡಿ, ಹೊರಗಿನಿಂದ ಎಳೆದು, ಖಾತ್ರಿ ಮಾಡಿಕೊಂಡೇ ಮುಂದುವರಿದೆ. ಆಮೇಲೆ ಬಾಗಿಲಿನ ಒಳಹೊದಿಕೆ (ಟ್ರಿಮ್) ಬಿಚ್ಚಿ ಹೊರತಗಡಿನ ನಡುವಿಗೆ ಒಂದು ಡ್ಯಾಂಪಿಂಗ್ ಶೀಟ್ ಹಾಕಿದೆ. ಹೆಚ್ಚು ಹಾಕಲಿಲ್ಲ, ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗೆ ಭಾರವಾಗುತ್ತದೆ, ತೂಕ ಹೆಚ್ಚಿದರೆ ಅನುರಣನ ಇನ್ನೂ ಕೆಳಕ್ಕೆ ಇಳಿಯುತ್ತದೆ. ಇಲ್ಲಿ ಬೇಕಿರುವುದು ಬಿಗಿ.

ಫಲಿತಾಂಶ ಕಣ್ಣಿಗೆ ಕಾಣುವಂತಿತ್ತು. ಗುಡ್ಡ 38ರಿಂದ 44 ಹರ್ಟ್ಸ್‌ಗೆ ಸರಿದು ಸುಮಾರು 6 ಡೆಸಿಬೆಲ್ ಕುಗ್ಗಿತು. ಒತ್ತಡದ ಏರಿಳಿತ ಅರ್ಧವಾಯಿತು ಎಂದು ಅದರ ಅರ್ಥ. ಹೋಲಿಕೆಗೆ ಹೇಳುವುದಾದರೆ, ಹ್ಯುಂಡೈ 2019ರಲ್ಲಿ ಪ್ರಕಟಿಸಿದ, ರಸ್ತೆಯ ಕಂಪನವನ್ನು ಸಂವೇದಕಗಳಿಂದ ಅಳೆದು ಸ್ಪೀಕರ್‌ಗಳಿಂದ ಎದುರಲೆ ಹೊರಡಿಸುವ ವ್ಯವಸ್ಥೆ ಒಳಗಿನ ಸದ್ದನ್ನು ಸುಮಾರು 3 ಡೆಸಿಬೆಲ್ ಇಳಿಸುತ್ತದೆಂದು ಆ ಕಂಪನಿ ಹೇಳಿತ್ತು. ಅಲ್ಲಿ ಅಳೆದ ಬಗೆ ಬೇರೆ, ನೇರ ಹೋಲಿಕೆ ಸಲ್ಲದು. ಆದರೂ ಎರಡು ರಬ್ಬರ್ ಗುಂಡಿಗಳಿಂದ ಇಷ್ಟು ಸಾಧ್ಯವಾದದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಮೇ: ಗಾಳಿ ಹೊರಹೋಗುವ ದಾರಿ

ಬಾಗಿಲು ಮುಚ್ಚುವಾಗ ಕಿವಿಗೆ ಬೀಳುವ ಪೆಟ್ಟು ಬೇರೆ ವಿಷಯ. ಹಿಂದಿನ ಬಂಪರಿನ ಮರೆಯಲ್ಲಿ ಒಳಗಿನ ಗಾಳಿಯನ್ನು ಹೊರಕ್ಕೆ ಮಾತ್ರ ಬಿಡುವ ತೆಳು ರಬ್ಬರ್ ರೆಕ್ಕೆಗಳಿರುತ್ತವೆ. ನಮ್ಮ ಕಾರಿನ ಬಲಬದಿಯ ರೆಕ್ಕೆಗಳು ಕೆಮ್ಮಣ್ಣಿನ ಧೂಳು ಮೆತ್ತಿ ಅಂಟಿಕೊಂಡಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಬಾಗಿಲು ಹಗುರವಾಗಿ ಮುಚ್ಚಿಕೊಳ್ಳುತ್ತಿದೆ, ಫೋನಿನ ಒತ್ತಡಮಾಪಕದಲ್ಲೂ ಆ ಕ್ಷಣದ ಏರು ತಗ್ಗಿದೆ. ಡಿಕ್ಕಿಗೆ ಡ್ಯಾಂಪಿಂಗ್ ಹಾಕಿಸುವವರು ಈ ದಾರಿಯನ್ನು ಶೀಟಿನಿಂದ ಮುಚ್ಚದಂತೆ ನೋಡಿಕೊಳ್ಳಬೇಕು. ಬಾಗಿಲುಗಳಿಗೆ ಹೆಚ್ಚುವರಿ ಬೀಡಿಂಗ್ ಅಂಟಿಸುವ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ: ಗಾಳಿಯ ಸದ್ದು ಇಳಿಯುತ್ತದೆ, ಆದರೆ ಕಾರು ಬಿಗಿಯಾದಷ್ಟೂ ಈ ಪೆಟ್ಟು ಹೆಚ್ಚುತ್ತದೆ. ಮುಂದಿನ ಬಾಗಿಲುಗಳ ಮೇಲಂಚಿಗಷ್ಟೇ ಹಾಕಿ ನಿಲ್ಲಿಸಿದ್ದೇನೆ.

ಶಿರಾಡಿ ದಾರಿಯಾಗಿ ಮಂಗಳೂರಿಗೆ ಹೋಗಿ ಬಂದೆವು. ಘಾಟಿಯಲ್ಲಿ ಅಮ್ಮನ ಕಿವಿ ಎಂದಿನಂತೆ ಕಟ್ಟಿತು, ನುಂಗಿದಾಗ ಬಿಟ್ಟಿತು. ಹಾಸನದವರೆಗಿನ ಸಪಾಟು ಹೆದ್ದಾರಿಯಲ್ಲಿ ಅವರು ನಿದ್ದೆ ಮಾಡಿದರು.

ಉಳಿದಿರುವುದು 200 ಹರ್ಟ್ಸ್‌ನ ಟೈರು ನಾದ. ಟೈರಿನ ಒಳಮೈಗೆ ಪಾಲಿಯುರಿಥೇನ್ ಫೋಮ್ ಉಂಗುರ ಅಂಟಿಸಿ ಬರುವ ಟೈರುಗಳು ಇದನ್ನೇ ಗುರಿಯಿಟ್ಟು ಮಾಡಿದವು. ಪಂಕ್ಚರ್ ಆದಾಗ ಆ ಜಾಗದ ಫೋಮ್ ಕೆರೆದು ತೆಗೆದು ಪ್ಯಾಚ್ ಹಾಕಬೇಕಾಗುತ್ತದೆ. ಹೆದ್ದಾರಿ ಬದಿಯ ಎಲ್ಲ ಅಂಗಡಿಯವರಿಗೂ ಅದರ ರೂಢಿಯಿಲ್ಲ. ಈಗಿನ ಟೈರುಗಳು ಸವೆಯುವವರೆಗೆ ಕಾದು, ಹೊಸ ಜೊತೆ ಹಾಕಿಸುವಾಗ ಮೊದಲು ಹಿಂದಿನ ಎರಡಕ್ಕೆ ಮಾತ್ರ ಫೋಮ್ ಟೈರು ಹಾಕಿ, ಅದೇ ಕುಣಿಗಲ್ ರಸ್ತೆಯಲ್ಲಿ ಅಳೆದು ನೋಡಿದ ಮೇಲೆ ಮುಂದಿನವುಗಳ ವಿಷಯ ತೀರ್ಮಾನಿಸುತ್ತೇನೆ.