ಬ್ರಿಟಿಷರ ಕಾಲದ ಬಾಟ್ಲಿ

ಬೆಳಗಾವಿಯ ಮೋಡಕಾ (ಗುಜರಿ) ಅಂಗಡಿಗಳಲ್ಲಿ ಎಲ್ಲವೂ ಬ್ರಿಟಿಷರ ಕಾಲದ್ದೇ. ತುಕ್ಕು ಹಿಡಿದ ಇಸ್ತ್ರಿ ಪೆಟ್ಟಿಗೆ ಬ್ರಿಟಿಷರದ್ದು, ಹಿಡಿಕೆ ಮುರಿದ ಕಪ್ಪೂ ಬ್ರಿಟಿಷರದ್ದು. ಕ್ಯಾಂಪಿನಲ್ಲಿ ದಂಡು ಇದ್ದ ಊರು, ಮಾತು ಪೂರ್ತಿ ಸುಳ್ಳೂ ಅಲ್ಲ ಬಿಡಿ. ಆದರೆ ಹೋದ ತಿಂಗಳು ಒಬ್ಬ ಕಾಕಾ ಗೋಲ್ಡ್ ಸ್ಪಾಟ್ ಅನ್ನುವ ಆರೆಂಜ್ ಕೂಲ್ ಡ್ರಿಂಕಿನ ಬಾಟ್ಲಿಗೂ ಅದನ್ನೇ ಹೇಳಿದ.

"ಕಾಕಾ, ಇದನ್ನ ನಾನ ಕುಡದೀನಿ" ಅಂದೆ.

"ಹಂಗಾದ್ರ ನೀವೂ ಹಳಬರ ಬಿಡ್ರಿ" ಅಂತ ನಕ್ಕು ಇಪ್ಪತ್ತು ರೂಪಾಯಿ ಇಳಿಸಿದ. ತಗೊಂಡೆ. 1993ರಲ್ಲಿ ಕೋಕಾ ಕೋಲಾದವರು ಪಾರ್ಲೆಯ ಬ್ರಾಂಡುಗಳನ್ನು ಕೊಂಡ ಮೇಲೆ ಗೋಲ್ಡ್ ಸ್ಪಾಟ್ ಕಾಣೆಯಾಯಿತು. ಬಾಟ್ಲಿಗಳು ಮಾತ್ರ ಎಣ್ಣೆ, ಸೀಮೆಎಣ್ಣೆ ತುಂಬಿಕೊಂಡು ಮನೆಮನೆಗಳಲ್ಲಿ ಉಳಿದುಕೊಂಡವು.

ನಾನು ಬಾಗಲಕೋಟೆಯಿಂದ ಬಸ್ಸು ಹತ್ತಿ ಹೋಗುವುದು ಗೋಲಿ ಸೋಡಾ ಬಾಟ್ಲಿಗಾಗಿ. ಹಳೇ ಊರಿನಲ್ಲಿ, ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಮುಂಚೆ, ನಮ್ಮ ಸೋದರಮಾವನದು ಸೋಡಾ ಅಂಗಡಿ. ಬಾಟ್ಲಿಯನ್ನು ಮಷಿನ್ನಿಗೆ ಸಿಕ್ಕಿಸಿ ಹ್ಯಾಂಡಲ್ ತಿರುವುತ್ತಿದ್ದ. ಬಾಟ್ಲಿ ತಲೆಕೆಳಗಾದಾಗ ಗೋಲಿ ಕತ್ತಿಗೆ ಬಂದು ಬೀಳುತ್ತದೆ. ಒಳಗಿನ ಗ್ಯಾಸು ಅದನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಮುಚ್ಚಳವೇ ಬೇಡ! ಇಂಗ್ಲೆಂಡಿನ ಹೈರಮ್ ಕಾಡ್ ಅನ್ನುವವನು 1872ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯ ಇದು. ಏಪ್ರಿಲ್ ಬಿಸಿಲಲ್ಲಿ ಹೆಬ್ಬೆರಳಿಂದ ಗೋಲಿ ಒತ್ತಿದರೆ ಬರುವ ಆ ಚೊಂಯ್ ಸದ್ದು, ಮೇಲೆ ಇಂಡಿ ಕಡೆಯ ಲಿಂಬೆಹಣ್ಣು, ಚಿಟಿಕೆ ಉಪ್ಪು. ಆಹಾ.

ಕುಡಿಯುವುದಕ್ಕೂ ಒಂದು ಪದ್ಧತಿ ಇದೆ. ಕತ್ತಿನ ಒಂದು ಬದಿಗೆ ಮಾತ್ರ ಎರಡು ಗುಳಿ. ಆ ಬದಿ ಕೆಳಗೆ ಬರುವಂತೆ ಬಗ್ಗಿಸಿದರೆ ಗೋಲಿ ಅಲ್ಲೇ ತಡೆದು ನಿಲ್ಲುತ್ತದೆ. ತಿರುವಿ ಹಿಡಿದರೆ ಗೋಲಿ ಉರುಳಿ ಬಂದು ಬಾಯಿಗೆ ಕೂರುತ್ತದೆ, ನೀವು ಸುಮ್ನೆ ಬಾಟ್ಲಿ ಚೀಪುತ್ತೀರಿ. ಹೊಸಬರನ್ನು ನೋಡಿ ಮಾವ ನಗುತ್ತಿದ್ದ.

ಅಷ್ಟು ದೊಡ್ಡ ಗೋಲಿ ಒಳಗೆ ಹೋಗಿದ್ದಾದರೂ ಹೇಗೆ? ಚಿಕ್ಕವನಿದ್ದಾಗ ಇದೇ ನನ್ನ ತಲೆ ತಿಂದಿತ್ತು. ಬಾಯಿ ಅಗಲ ಇರುವಾಗಲೇ ಗೋಲಿ ಹಾಕಿ, ಆಮೇಲೆ ಗಾಜು ಕಾಯಿಸಿ ಬಾಯಿ ಕಿರಿದು ಮಾಡುತ್ತಾರಂತೆ. ಆಗ ಯಾರೂ ಹೇಳಲಿಲ್ಲ. ಆರನೇ ಕ್ಲಾಸಿನಲ್ಲಿ ಬಾಟ್ಲಿಯೊಂದನ್ನು ಕಟ್ಟೆಗೆ ಬಡಿದು ನಾನೇ ನೋಡಿದೆ. ಗೋಲಿ ಸಿಕ್ಕಿತು, ಮಾವನ ಕೈಯಿಂದ ಏಟೂ ಸಿಕ್ಕಿತು. ನನ್ನಂಥ ಹುಡುಗರು ಊರಿಗೆ ಹತ್ತು ಮಂದಿ ಇದ್ದರೆ ಬಾಟ್ಲಿ ಉಳಿಯುವುದು ಹೇಗೆ ಅಲ್ವಾ? ಈಗ ಒಂದಕ್ಕೆ ಮುನ್ನೂರೈವತ್ತು ಕೊಡುವಾಗ ಬಡ್ಡಿ ಕಟ್ಟಿದ ಹಾಗೆ ಅನಿಸುತ್ತದೆ.

ಮುಳುಗಡೆಯಲ್ಲಿ ಜನ ಬಾಗಿಲು, ತೊಲೆ, ಕಂಬ ಎಲ್ಲ ಕಿತ್ತು, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ತಂದರು. ಮಾವನ ಬಾಟ್ಲಿಗಳನ್ನು ಯಾರೂ ತರಲಿಲ್ಲ. ತೂಕಕ್ಕೆ ಹೋದವು.

ತೊಳೆಯುವುದೇ ದೊಡ್ಡ ಕೆಲಸ. ಕತ್ತು ಹಿಸುಕಿದಂತೆ ಇರುವುದರಿಂದ ಬ್ರಷ್ ಇಳಿಯುವುದಿಲ್ಲ. ಒಂದು ಹಿಡಿ ಅಕ್ಕಿ, ಸ್ವಲ್ಪ ವಿನೆಗರ್ ಹಾಕಿ ಅಲ್ಲಾಡಿಸುತ್ತೇನೆ. ನಮ್ಮ ಬೋರ್‌ನೀರಿನ ಬಿಳಿ ಕಲೆ ಇದಕ್ಕೆ ಬಿಡುತ್ತದೆ. ಗಾಜೇ ಮಂಕಾಗಿದ್ದರೆ ಏನು ಮಾಡಿದರೂ ಹೋಗಲ್ಲ.

ಮೊನ್ನೆ ಆತುರ ಮಾಡಿದೆ. ಚಳಿಯ ಬೆಳಗ್ಗೆ, ತಣ್ಣಗಿದ್ದ ಬಾಟ್ಲಿಗೆ ಕುದಿಯುವ ನೀರು ಹೊಯ್ದೆ. ಟಕ್ ಅಂದಿತು. ತಳ ಕಳಚಿ ಬಂತು. ಇದ್ದುದರಲ್ಲೇ ಚಂದದ ಬಾಟ್ಲಿ, ತಿಳಿ ಹಸಿರು, ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ.

ಗೋಲಿ ಉರುಳಿ ಒಗೆಯುವ ಕಲ್ಲಿನ ಕೆಳಗೆ ಹೋಯಿತು. ಹೆಂಡತಿ ಬಗ್ಗಿ ಎತ್ತಿ, ಸೆರಗಿಗೆ ಒರೆಸಿ ನನ್ನ ಕೈಗಿಟ್ಟಳು. "ಸಿಕ್ತಲ್ರಿ, ಇನ್ನ ಆಡ್ಕೋರಿ."