ಹಗ್ಗ ಯಾಕೆ ಅಳಿಸಲಿಲ್ಲ?

ನಮ್ಮ ಕಿರುಚಿತ್ರ ಎಂಟು ನಿಮಿಷದ್ದು. ಕೋಲಾರದ ಬೆಟ್ಟಸಾಲಿನ ಒಂದು ಕಡಿದಾದ ಬಂಡೆ. ಮೇಲಿನಿಂದ ಇಳಿಬಿಟ್ಟ ಹಗ್ಗ. ಬಂಡೆಗೆ ಅಂಗಾಲು ಊರಿ, ನೆಲಕ್ಕೆ ಅಡ್ಡಲಾಗಿ ನಿಂತು ಕುಣಿಯುವ ಒಬ್ಬಳು ಹುಡುಗಿ. ಇಷ್ಟೇ. ನೋಡಿದವರು ಹೆಚ್ಚಾಗಿ ಕೇಳುವುದೂ ಒಂದೇ ಮಾತು: "ಅಕ್ಕಾ, ಎಲ್ಲಾ ಚೆನ್ನಾಗಿದೆ, ಆದ್ರೆ ಹಗ್ಗ ಕಾಣ್ತದಲ್ಲ? ಕಂಪ್ಯೂಟರ್‌ನಲ್ಲಿ ಅಳಿಸಿಬಿಡಬಹುದಿತ್ತಲ್ವಾ?"

ಅಳಿಸಬಹುದಿತ್ತು. ಅಳಿಸಬೇಕು ಅಂತಲೇ ನಾವೂ ಹೊರಟಿದ್ದೆವು. ಬಂಡೆಯ ಮೇಲೆ ಕಳೆದ ಮೊದಲ ಬೆಳಗ್ಗೆಯೇ ಆ ಯೋಚನೆ ಬಿಟ್ಟೆವು.

ಆ ದಿನ ಮೃದಂಗವನ್ನು ಮೊದಲೇ ರೆಕಾರ್ಡ್ ಮಾಡಿಕೊಂಡು ಹೋಗಿದ್ದೆವು. ಹುಡುಗಿ ಭರತನಾಟ್ಯ ಕಲಿತವಳು, ತಾಳದಲ್ಲಿ ಗಟ್ಟಿ. ಆದರೂ ಬಂಡೆಯನ್ನು ಒದ್ದು ಗಾಳಿಗೆ ಹಾರಿದರೆ ಕಾಲು ವಾಪಸ್ ಬಂಡೆಗೆ ತಾಗುವುದು ಪ್ರತಿಸಲ ತಾಳ ತಪ್ಪಿಯೇ. ಬೇಗ ಬರಲಿ ಅಂತ ಮೆಲ್ಲಗೆ ಒದ್ದಳು. ಬೇಗ ಬರಲಿಲ್ಲ. ಜೋರಾಗಿ ಒದ್ದಳು. ದೂರ ಹೋದಳು, ಆದರೆ ಬಂದದ್ದು ಅದೇ ಹೊತ್ತಿಗೆ. ಬಿಸಿಲೇರುವ ತನಕ ಹೀಗೇ ಆಯಿತು. ಅವಳ ಕಣ್ಣಲ್ಲಿ ನೀರು ಬಂತು.

ತಪ್ಪು ಅವಳದಲ್ಲ. ಹಗ್ಗದಲ್ಲಿ ತೂಗುವ ಮನುಷ್ಯ ಗಡಿಯಾರದ ಲೋಲಕ ಇದ್ದ ಹಾಗೆ. ಎಷ್ಟು ಜೋರಾಗಿ ಒದ್ದೆ, ಮೈತೂಕ ಎಷ್ಟು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಹಗ್ಗದ ಉದ್ದ ಒಂದೇ ಲೆಕ್ಕ. ಮೇಲೆ ಹಗ್ಗ ಹಿಡಿದ ಜಾಗದಿಂದ ಸೊಂಟದವರೆಗೆ 20 ಮೀಟರ್ ಇದ್ದರೆ, ಬಂಡೆ ಬಿಟ್ಟು ಮತ್ತೆ ಬಂಡೆಗೆ ಬರಲು ಸುಮಾರು ನಾಲ್ಕೂವರೆ ಸೆಕೆಂಡ್. 5 ಮೀಟರ್ ಇದ್ದರೆ ಸುಮಾರು ಎರಡೂಕಾಲು. ಅಂದರೆ ಹಗ್ಗ ಕಾಲುಭಾಗ ಆದಾಗ ವೇಗ ಸರಿಯಾಗಿ ಎರಡರಷ್ಟು. ಇದು ಗೊತ್ತಾದಾಗ ಹುಡುಗಿ ಕುಣಿದಾಡಿಬಿಟ್ಟಳು. "ಅಕ್ಕಾ, ಇದು ಒಂದನೇ ಕಾಲ, ಎರಡನೇ ಕಾಲ!" ನೃತ್ಯ ಕಲಿಯುವವರು ಒಂದೇ ಅಡವನ್ನು, ಅಂದರೆ ಹೆಜ್ಜೆಯ ಪಾಠವನ್ನು, ಮೊದಲು ನಿಧಾನವಾಗಿ, ಆಮೇಲೆ ಅದರ ಎರಡರಷ್ಟು ವೇಗದಲ್ಲಿ ಮಾಡುತ್ತಾರಲ್ಲ, ಅದು. ಮೊದಲೇ ಮಾಡಿಸಿದ್ದ ಸಂಗೀತವನ್ನು ಅಲ್ಲಿಗೇ ಬಿಟ್ಟೆವು. 20 ಮೀಟರಿನಲ್ಲಿ ಒಂದು ಹಾರಾಟಕ್ಕೆ ಆದಿತಾಳದ ಒಂದು ಆವರ್ತ, ಅಂದರೆ ಎಂಟು ಎಣಿಕೆಯ ಒಂದು ಸುತ್ತು, ಕೂರಿಸಿದೆವು. 5 ಮೀಟರಿನಲ್ಲಿ ಅದೇ ಆವರ್ತ ದುಪ್ಪಟ್ಟು ವೇಗದಲ್ಲಿ. ಮೃದಂಗದವರು ಆಮೇಲೆ ದೃಶ್ಯ ನೋಡಿಕೊಂಡು ನುಡಿಸಿದರು.

ಈಗ ಹೇಳಿ, ತಾಳ ಹಾಕುವವರನ್ನೇ ಹೇಗೆ ಅಳಿಸುವುದು?

ಹಗ್ಗದಲ್ಲಿ ತೂಗುತ್ತಾ ಗೋಡೆ, ಬಂಡೆಗಳ ಮೇಲೆ ಕುಣಿಯುವ ಈ ಕಲೆ ಶುರುವಿನಲ್ಲೂ ಹಗ್ಗ ಬಚ್ಚಿಟ್ಟದ್ದಲ್ಲ. 1970ರಲ್ಲಿ ನ್ಯೂಯಾರ್ಕಿನಲ್ಲಿ ನೃತ್ಯ ಸಂಯೋಜಕಿ ತ್ರಿಷಾ ಬ್ರೌನ್ ಒಬ್ಬ ಮನುಷ್ಯನನ್ನು ಕಟ್ಟಡದ ಗೋಡೆಯ ಮೇಲೆ ತುದಿಯಿಂದ ಬುಡಕ್ಕೆ ಸುಮ್ನೆ ನಡೆಸಿದರು. ಬೆಟ್ಟ ಹತ್ತುವವರ ಸಾಮಾನೇ ಅವನನ್ನು ಹಿಡಿದಿತ್ತು, ನೋಡುವವರಿಗೆ ಕಾಣುತ್ತಲೂ ಇತ್ತು. ಕ್ಯಾಲಿಫೋರ್ನಿಯಾದಲ್ಲಿ 1991ರಲ್ಲಿ ಅಮೀಲಿಯಾ ರುಡಾಲ್ಫ್ ಕಟ್ಟಿದ ಬ್ಯಾಂಡಲೂಪ್ ತಂಡ ಕಟ್ಟಡ, ಬೆಟ್ಟ ಎರಡರ ಮೇಲೂ ಕುಣಿಯುತ್ತದೆ.

ಮಧುಗಿರಿಯ ಏಕಶಿಲೆಯಲ್ಲಿ ಯಾಕೆ ಮಾಡಲಿಲ್ಲ ಅಂತಲೂ ಕೇಳುತ್ತಾರೆ. ಅಲ್ಲಿರುವುದು ಕೋಟೆ, ಅಲ್ಲಿ ಹಗ್ಗ ಕಟ್ಟಲು ಮೊಳೆ ಹೊಡೆಯುವ ಮಾತೇ ಇಲ್ಲ. ಇಳಿಜಾರು ಬಂಡೆಯಲ್ಲಿ ಒದ್ದರೂ ಮೈ ಗಾಳಿಯಲ್ಲಿ ನಿಲ್ಲುವುದಿಲ್ಲ, ತಕ್ಷಣ ಬಂಡೆಗೇ ಬೀಳುತ್ತೇವೆ. ನಮಗೆ ಗೋಡೆಯಂಥ ಬಂಡೆ ಬೇಕು. ಇನ್ನು ಆ ಊರಿನ ಹೆಸರಲ್ಲೇ ಜೇನಿದೆ. ಹೆಜ್ಜೇನು ಇಂಥ ಕಡಿದಾದ ಬಂಡೆಗಳಲ್ಲೂ ಗೂಡು ಕಟ್ಟುತ್ತದೆ. ನಾವು ಮೊದಲು ಆರಿಸಿದ್ದ ಬಂಡೆಯಲ್ಲೂ ಎರಡು ಗೂಡು ಇದ್ದವು. ಕೆಣಕಿದರೆ ಹಗ್ಗದಲ್ಲಿ ನೇತಾಡುವವಳು ಎಲ್ಲಿಗೆ ಓಡುತ್ತಾಳೆ? ಬಂಡೆ ಬದಲಿಸಿದೆವು.

ಸುರಕ್ಷತೆಯ ವಿಷಯದಲ್ಲಿ ನಾನು ಹಟಮಾರಿ. ಎರಡು ಹಗ್ಗ, ಎರಡೂ ಬೇರೆಬೇರೆ ಕಡೆ ಬಿಗಿದದ್ದು. ಹಗ್ಗ ಬಂಡೆಯ ಅಂಚಿಗೆ ಉಜ್ಜುವಲ್ಲೆಲ್ಲ ದಪ್ಪ ಕ್ಯಾನ್ವಾಸ್. ಹತ್ತುವವರು ಬಳಸುವ, ಹಿಗ್ಗುವ ಹಗ್ಗ ಬೇಡ. ಅದರಲ್ಲಿ ಮೈ ಮೇಲೆ ಕೆಳಗೆ ಜಗ್ಗಿ ತಾಳ ಕೆಡುತ್ತದೆ. ಕಡಿಮೆ ಹಿಗ್ಗುವ ಸ್ಟ್ಯಾಟಿಕ್ ರೋಪ್ ಬೇಕು. ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿಯಲ್ಲಿ, ಅಂದರೆ ಹಾರ್ನೆಸ್‌ನಲ್ಲಿ, ಕಾಲಾಡಿಸದೆ ಸುಮ್ಮನೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಪ್ರಜ್ಞೆ ತಪ್ಪಬಹುದು. ಅದಕ್ಕೇ ಕ್ಯಾಮೆರಾ ಸರಿಮಾಡಿಕೊಳ್ಳುವಾಗ ಅವಳನ್ನು ಕಾಯಿಸಲೇ ಇಲ್ಲ, ಮೇಲೆ ಕೂರಿಸಿದೆವು. ಇದೆಲ್ಲ ಗೊತ್ತಿರುವ ಪರ್ವತಾರೋಹಣ ತರಬೇತುದಾರರೊಬ್ಬರು ದಿನವಿಡೀ ಜೊತೆಗಿದ್ದರು. ಅವರು ಬೇಡ ಅಂದರೆ ಬೇಡ.

ನಮ್ಮ ಕಡೆ ಹುಡುಗರು ಬಂಡೆ ಅಂಚಿನಲ್ಲಿ ನಿಂತು ರೀಲ್ಸ್ ಮಾಡುವುದನ್ನು ನೋಡಿದ್ದೇನೆ. ಹಗ್ಗ ಅಳಿಸಿದ ಚಿತ್ರ ಅವರ ಫೋನಿಗೆ ಹೋಗುವುದು ನನಗೆ ಬೇಡ.

ಕ್ಯಾಮೆರಾವನ್ನೂ ಎದುರಿನ ಗುಂಡುಕಲ್ಲಿನ ಮೇಲೆ ಟ್ರೈಪಾಡ್ ಹಾಕಿ ನಿಲ್ಲಿಸಿಬಿಟ್ಟೆವು. ಕ್ಯಾಮೆರಾ ಅಡ್ಡ ತಿರುಗಿಸಿದರೆ ಬಂಡೆ ನೆಲದಂತೆ ಕಾಣುತ್ತದೆ. ಮಜವಾಗಿರುತ್ತದೆ, ಆದರೆ ಅವಳ ಭಾರ ಮಾಯವಾಗುತ್ತದೆ. ಬೆಳಗಿನ ಏಳರ ಬಿಸಿಲಲ್ಲಿ ಅವಳು ಹಾರಿದಾಗ ನೆರಳು ಅವಳ ಕಾಲು ಬಿಟ್ಟು ಬಂಡೆಯಲ್ಲೇ ಉಳಿಯುತ್ತದೆ, ಹಗ್ಗದ ನೆರಳೂ ಜೊತೆಗೆ. ವಾಪಸ್ ಬಂದಾಗ ಕಾಲೂ ನೆರಳೂ ಕೂಡುತ್ತವೆ. ಚಿತ್ರದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು.

ಕಡೆಗೆ ನಮ್ಮ ತಾತನ ವಿಷಯ. ಪಂಪ್‌ಸೆಟ್ ಬರುವ ಮುಂಚೆ ಅವರು ಕಪಿಲೆ ಹೊಡೆದವರು. ಎತ್ತು ಇಳಿಜಾರಿನಲ್ಲಿ ಇಳಿದಷ್ಟೂ ಬಾವಿಯಿಂದ ನೀರಿನ ಚೀಲ ಮೇಲೆ ಬರುತ್ತದೆ, ಎತ್ತು ಹಿಂದೆ ಸರಿದರೆ ಚೀಲ ಕೆಳಗೆ. ಒಂದು ಇಳಿತಕ್ಕೆ ಒಂದು ಸೊಲ್ಲು ಹಾಡು. ಚಿತ್ರವನ್ನು ಫೋನಿನಲ್ಲಿ ತೋರಿಸಿದೆ, ಇನ್ನೂ ಮೃದಂಗ ಸೇರಿಸಿರಲಿಲ್ಲ. ತಾತ ಹುಡುಗಿಯನ್ನು ಜಾಸ್ತಿ ನೋಡಲಿಲ್ಲ. ಹಗ್ಗವನ್ನೇ ನೋಡುತ್ತಿದ್ದರು. ಮೂರನೇ ಹಾರಾಟದಿಂದ, ಅವಳ ಕಾಲು ಬಂಡೆಗೆ ತಾಗುವ ಕ್ಷಣಕ್ಕೆ ಸರಿಯಾಗಿ, ತೊಡೆ ತಟ್ಟತೊಡಗಿದರು.